ಯಾವ ಕೇರಿಯಲ್ಲಿ ಮನೆ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಮೊದಲು ಆಡಿದವರ ಕಣ್ಣಮುಂದೆ ಮೂವತ್ತು ನಲವತ್ತರ ಪ್ರಾಯದ ಗೃಹಸ್ಥನೊಬ್ಬನಿದ್ದಿರಬೇಕು. ಎಪ್ಪತ್ತೈದು ದಾಟಿದವನು ಮನೆ ಕೊಳ್ಳಲು ಹೊರಟರೆ ಅವನಿಗೆ ಏನು ಹೇಳಬೇಕೆಂಬುದಕ್ಕೆ ನಮ್ಮಲ್ಲಿ ಗಾದೆಯಿಲ್ಲ. ಗಾದೆ ಹುಟ್ಟುವಷ್ಟು ಸಲ ಅಂಥ ಪ್ರಸಂಗವೇ ನಮ್ಮಲ್ಲಿ ಒದಗಿ ಬಂದಿಲ್ಲವೆಂದು ಕಾಣುತ್ತದೆ.

ನಮ್ಮ ತಂದೆಯವರು ಮೈಸೂರಿನಲ್ಲಿ ಬಾಡಿಗೆಗೆ ಮನೆ ನೋಡುತ್ತಿದ್ದ ಕ್ರಮ ನನಗೆ ಚೆನ್ನಾಗಿ ನೆನಪಿದೆ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ದೇವರಾಜ ಮಾರುಕಟ್ಟೆಗೆ ನಡೆದು ಹೋಗಬಹುದೆ, ಹುಡುಗರು ಸ್ಕೂಲಿಗೆ ಹೋಗುವಾಗ ದೊಡ್ಡ ರಸ್ತೆ ದಾಟಬೇಕೆ, ಮನೆಯ ಯಜಮಾನರು ಮಹಡಿಯ ಮೇಲೆಯೇ ವಾಸವಾಗಿದ್ದಾರೆಯೆ, ಇಷ್ಟು ವಿಚಾರಿಸಿದರೆ ಮುಗಿಯಿತು. ಮುಪ್ಪಿಗೆ ಯಾವ ಮೊಹಲ್ಲ ಅನುಕೂಲವೆಂದು ಅವರು ಯಾರನ್ನೂ ಕೇಳಿದ್ದನ್ನು ನಾನು ಕಾಣೆ. ಮುಪ್ಪು ಅವರಿದ್ದ ಮನೆಯನ್ನೇ ಹುಡುಕಿಕೊಂಡು ಬಂತು. ಬಂದು ಅವರ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತಿತು.

ನನ್ನ ಅಣ್ಣನ ವಿಷಯ ಬೇರೆ. ಅವನು 1976ರಲ್ಲಿ ಅಮೆರಿಕಕ್ಕೆ ಹೋದವನು. ಒಹಾಯೊ ಸಂಸ್ಥಾನದ ಒಂದು ಊರಿನಲ್ಲಿ ಇಂಜಿನಿಯರಾಗಿ ದುಡಿದು, ಅಲ್ಲಿಯೇ ಮನೆ ಮಾಡಿ, ಅಲ್ಲಿಯೇ ನಿವೃತ್ತನಾದ. ಮಗ ಆ ದೇಶದ ಒಂದು ಕರಾವಳಿಯಲ್ಲಿದ್ದಾನೆ, ಮಗಳು ಇನ್ನೊಂದು ಕರಾವಳಿಯಲ್ಲಿ. 2022ರಲ್ಲಿ ಅವನ ಹೃದಯದ ರಕ್ತನಾಳವೊಂದಕ್ಕೆ ಸ್ಟೆಂಟ್ ಹಾಕಿದರು. ಇನ್ನು ಮುಂದೆ ಸಲಿಕೆ ಹಿಡಿದು ಮನೆಮುಂದಿನ ಹಿಮ ಎತ್ತಕೂಡದೆಂದು ವೈದ್ಯರು ಹೇಳಿದ ದಿನವೇ ಅವನು ಫ್ಲಾರಿಡದ ನಕ್ಷೆಯನ್ನು ಮೇಜಿನ ಮೇಲೆ ಹರಡಿದನೆಂದು ಅತ್ತಿಗೆ ಹೇಳುತ್ತಾರೆ. ಊರು ಗೊತ್ತಾಗಿತ್ತು. ಆ ಊರಿನ ಒಳಗೆ ಯಾವ ಕೇರಿ ಎಂಬುದು ಮಾತ್ರ ಗೊತ್ತಾಗಿರಲಿಲ್ಲ. “ನೀನೂ ಬಾ. ಮೂರನೆಯವನ ಕಣ್ಣೊಂದು ಇರಲಿ” ಎಂದು ಫೋನಿನಲ್ಲಿ ಹೇಳಿದ. ಹೀಗೆ 2024ರ ಜುಲೈ ತಿಂಗಳು ಪೂರ್ತಿ ನಾನು ಆ ದಂಪತಿಗಳೊಡನೆ ಒಂದು ಬಾಡಿಗೆ ಮನೆಯಲ್ಲಿದ್ದು ಮುದುಕರ ಊರೊಂದನ್ನು ಕಂಡು ಬಂದೆ.

ಆ ಊರಿನ ಹೆಸರು ‘ದಿ ವಿಲೇಜಸ್’. ಎಂದರೆ ‘ಹಳ್ಳಿಗಳು’. ಹೆಸರು ಕೇಳಿ ಹಸು, ಕೊಟ್ಟಿಗೆ, ಅರಳಿಕಟ್ಟೆಗಳನ್ನು ಊಹಿಸಿಕೊಂಡವರಿಗೆ ನಿರಾಶೆಯಾದೀತು. 2020ರ ಜನಗಣತಿಯಲ್ಲಿ ಸಮ್ಟರ್ ಕೌಂಟಿಯಲ್ಲಿ 1,29,752 ಜನರಿದ್ದರು. ಅವರಲ್ಲಿ ಬಹುಪಾಲು ಈ ‘ಹಳ್ಳಿಗಳ’ ನಿವಾಸಿಗಳೇ. ಹಿಂದಿನ ಹತ್ತು ವರ್ಷಗಳಲ್ಲಿ ಇಡೀ ಅಮೆರಿಕದಲ್ಲಿ ಇಷ್ಟು ವೇಗವಾಗಿ ಬೆಳೆದ ನಗರಪ್ರದೇಶ ಇನ್ನೊಂದಿಲ್ಲ. ಮಂಡ್ಯದಂಥ ಒಂದು ಊರನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಐವತ್ತೈದು ದಾಟಿದವರು, ಯಾವ ಬೀದಿಯಲ್ಲೂ ಗೋಲಿಯಾಡುವ ಹುಡುಗನಿಲ್ಲ ಎಂದುಕೊಳ್ಳಿ.

ಇದನ್ನು ಶುರುಮಾಡಿದಾತ ಹೆರಾಲ್ಡ್ ಶ್ವಾರ್ಟ್ಸ್ ಎಂಬ ವ್ಯಾಪಾರಿ. ಮೊದಲಿಗೆ ಫ್ಲಾರಿಡದ ಜಮೀನನ್ನು ಅಂಚೆಯ ಮೂಲಕ ಮಾರುತ್ತಿದ್ದವನು. ಕೊಳ್ಳುವವನು ನೆಲವನ್ನು ಕಣ್ಣಿನಿಂದ ನೋಡದೆಯೇ ದುಡ್ಡು ಕಳಿಸುವ ಆ ವ್ಯಾಪಾರಕ್ಕೆ 1968ರ ಕಾನೂನು ಅಡ್ಡಬಂತು. ಉಳಿದ ನೆಲದಲ್ಲಿ ತಗಡಿನ ಗಾಡಿಮನೆಗಳ ಒಂದು ಬಡಾವಣೆಯನ್ನು ಹಾಕಿದ, ಅದು ಕುಂಟುತ್ತಿತ್ತು. 1980ರ ದಶಕದಲ್ಲಿ ಮಗ ಗ್ಯಾರಿ ಮೋರ್ಸ್ ಜೊತೆಗೂಡಿದ ಮೇಲೆ ಗಾಲ್ಫ್ ಮೈದಾನ ಬಂತು, ಈಜುಕೊಳ ಬಂತು, ಜನ ಬಂದರು. 1992ರಲ್ಲಿ ಈಗಿನ ಹೆಸರು ಬಂತು. ಇಂಥದ್ದಕ್ಕೆಲ್ಲ ಮೇಲ್ಪಂಕ್ತಿ ಹಾಕಿದವನು ಅರಿಜೋನದ ಡೆಲ್ ವೆಬ್ ಎಂಬ ಕಂಟ್ರಾಕ್ಟರು. 1960ನೆಯ ಇಸವಿ ಜನವರಿ ಒಂದನೆಯ ತಾರೀಖು ಅವನು ‘ಸನ್ ಸಿಟಿ’ಯ ಬಾಗಿಲು ತೆರೆದಾಗ ಮುದುಕರು ಮರುಭೂಮಿಗೆ ಬಂದು ಮನೆ ಕೊಳ್ಳುವರೆಂದು ಅನೇಕರು ನಂಬಿರಲಿಲ್ಲ. ಮೊದಲ ವಾರದ ಕೊನೆಯಲ್ಲಿಯೇ ಜನ ಜಾತ್ರೆಯಂತೆ ಸೇರಿದರು. ತಾರುಣ್ಯದಲ್ಲಿ ಕಷ್ಟಪಟ್ಟವರು ಮುಪ್ಪಿನಲ್ಲಿ ಆಡಬೇಕು, ಇದು ಅವನು ಮಾರಿದ ಸರಕು. ಇಟ್ಟಿಗೆ ಗಾರೆ ಅದರ ಜೊತೆಗೆ ಕೊಟ್ಟ ಕೊಸರು.

ಆಟಕ್ಕೇನೂ ಕಡಿಮೆಯಿಲ್ಲ. ಗಾಲ್ಫ್ ಮೈದಾನಗಳೇ 50ಕ್ಕೂ ಹೆಚ್ಚು. ಪ್ರತಿ ಸಂಜೆ ಚೌಕಗಳಲ್ಲಿ ಧರ್ಮಕ್ಕೆ ವಾದ್ಯಗೋಷ್ಠಿ, ಅದಕ್ಕೆ ತಕ್ಕ ಕುಣಿತ. ಈ ಚೌಕಗಳ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ಕೆಲವು ಕಟ್ಟಡಗಳ ಮೇಲೆ ಹಳೆಯ ಕಾಲದ ಇಸವಿ ಕೆತ್ತಿದೆ. ಗೋಡೆಗಳಲ್ಲಿ ಬೇಕೆಂದೇ ಬಣ್ಣ ಮಾಸಿಸಿದ ಜಾಹೀರಾತುಗಳಿವೆ. ಇಲ್ಲಿ ಹಿಂದೆ ಯಾರೋ ಅಂಗಡಿಯಿಟ್ಟಿದ್ದರು, ಇನ್ನಾರೋ ಜಗಳವಾಡಿದ್ದರು ಎಂದು ಕಥೆ ಹೇಳುವ ಫಲಕಗಳಿವೆ. ಎಲ್ಲವೂ ಕಟ್ಟುಕಥೆ. ಚೌಕಗಳಲ್ಲೆಲ್ಲ ಹಳೆಯದು 1990ರ ದಶಕದ್ದು. ಊರಿಗಿಂತ ವಯಸ್ಸಾದವರು ಊರಿನ ನಿವಾಸಿಗಳೇ. ನನಗೆ ಮೊದಲು ಇದು ಹಾಸ್ಯಾಸ್ಪದವಾಗಿ ತೋರಿತು. ಆಮೇಲೆ, ಎಲ್ಲಿಂದಲೋ ಬಂದು ಸೇರಿದ ಜನಕ್ಕೆ ಹಳೆಯದೊಂದು ಊರು ಬೇಕೆನಿಸುವುದು ಸಹಜವೇ ಎಂದುಕೊಂಡು ಸುಮ್ಮನಾದೆ.

ನಾವು ಜುಲೈ ತಿಂಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಜನವರಿಯಿಂದ ಮಾರ್ಚಿಯವರೆಗೆ ಉತ್ತರದ ಚಳಿ ತಾಳದವರು ಹಕ್ಕಿಗಳಂತೆ ಬಂದಿಳಿಯುತ್ತಾರೆ. ಆಗ ಎಲ್ಲ ಬೀದಿಗಳೂ ತುಂಬಿ ತುಳುಕುತ್ತವೆ; ಯಾವ ಕೇರಿಯನ್ನು ನೋಡಿದರೂ ಚೆನ್ನಾಗಿಯೇ ಕಾಣುತ್ತದೆ. ಬೇಸಗೆಯಲ್ಲಿ ಮಧ್ಯಾಹ್ನವಾದರೆ ಗುಡುಗು ಸಿಡಿಲಿನ ಮಳೆ, ಮೈಗೆ ಅಂಟುವ ಸೆಕೆ. ಅರ್ಧ ಮನೆಗಳ ಪರದೆ ಇಳಿದಿರುತ್ತದೆ. ಆಗಲೂ ಬಾಗಿಲು ತೆಗೆದಿರುವ ಮನೆ ಎಷ್ಟೆಂದು ಎಣಿಸಿದರೆ ಕೇರಿಯ ನಿಜವಾದ ಬಲ ತಿಳಿಯುತ್ತದೆ. ಈ ಉಪಾಯ ಅತ್ತಿಗೆಯದು. ಬಾಡಿಗೆ ಅಗ್ಗ ಎಂಬುದು ಅಣ್ಣನ ಸಮರ್ಥನೆ.

ಊರು ಉತ್ತರದಿಂದ ದಕ್ಷಿಣಕ್ಕೆ ಬೆಳೆದಿದೆ. ಉತ್ತರದಲ್ಲಿ ಹಳೆಯ ಭಾಗ, ಹೆದ್ದಾರಿಯ ಆಚೆಗೆ ಮೊದಲಿನ ಗಾಡಿಮನೆಗಳು, ‘ಸ್ಪ್ಯಾನಿಷ್ ಸ್ಪ್ರಿಂಗ್ಸ್’ ಚೌಕ, 2002ರಲ್ಲಿ ತೆರೆದ ಆಸ್ಪತ್ರೆ. ನಡುವೆ ಸಮ್ಟರ್ ಸರೋವರದ ದಡದ ಚೌಕ. ಅದರಿಂದ ಕೆಳಗೆ 2012ರ ‘ಬ್ರೌನ್‌ವುಡ್’ ಚೌಕ. 44ನೆಯ ನಂಬರಿನ ರಸ್ತೆ ದಾಟಿದರೆ ಎಲ್ಲ ಹೊಚ್ಚ ಹೊಸದು: ಮನೆ ದೊಡ್ಡದು, ಮರ ಚಿಕ್ಕದು. ಉತ್ತರದಲ್ಲಿ ಇದಕ್ಕೆ ತಿರುಗುಮುರುಗು.

ಬೆಲೆಯ ಲೆಕ್ಕದಲ್ಲೂ ಒಂದು ಒಳಗುಟ್ಟಿದೆ. ರಸ್ತೆ, ಚರಂಡಿ, ನೀರಿನ ಕೊಳವೆಗಳಿಗೆ ತಗಲಿದ ಖರ್ಚನ್ನು, 1980ರ ಒಂದು ಕಾನೂನಿನಂತೆ ಏರ್ಪಟ್ಟ ಸ್ಥಳೀಯ ಮಂಡಲಿಗಳು ಸಾಲವೆತ್ತಿ ಆಯಾ ಭಾಗದ ಮನೆಗಳ ಮೇಲೆ ಹಂಚುತ್ತವೆ. ಇದನ್ನು ‘ಬಾಂಡ್’ ಎನ್ನುತ್ತಾರೆ. ಮನೆ ಕೈ ಬದಲಾಯಿಸಿದರೂ ಸಾಲ ಮನೆಯನ್ನು ಬಿಡುವುದಿಲ್ಲ. ಹೊಸ ಭಾಗದಲ್ಲಿ ಇದು ಹತ್ತಾರು ಸಾವಿರ ಡಾಲರಾದರೆ, ಹಳೆಯ ಭಾಗದ ಅನೇಕ ಮನೆಗಳಲ್ಲಿ ತೀರಿಯೇ ಹೋಗಿದೆ. ಆಟ ಪಾಟಗಳಿಗೆಂದು ತಿಂಗಳಿಗೆ ಸುಮಾರು 200 ಡಾಲರು ಬೇರೆ. ಮೂವತ್ತು ವರ್ಷಗಳ ಕಂತನ್ನು ಎಪ್ಪತ್ತಾರು ವರ್ಷದವನ ಮುಂದೆ ನಗುನಗುತ್ತಾ ಇಡುವ ಆಶಾವಾದವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಣ್ಣ ಇಂಜಿನಿಯರಷ್ಟೆ. ದೊಡ್ಡದೊಂದು ನೋಟುಬುಕ್ಕಿನಲ್ಲಿ ಮನೆಮನೆಗೂ ಅಂಕ ಹಾಕುತ್ತಿದ್ದ. ಗಾಲ್ಫಿಗೆ ಹತ್ತು, ಬಾಂಡಿಗೆ ಹತ್ತು, ಅಡಿಗೆಮನೆಗೆ ಹತ್ತು, ನೋಟಕ್ಕೆ ಐದು. ದಿಕ್ಕಿನ ವಿಷಯದಲ್ಲಿ ಮಾತ್ರ ಅವನ ಇಂಜಿನಿಯರಿಂಗಿಗೂ ನಮ್ಮ ಅಜ್ಜಿಗೂ ಜಗಳವಾಯಿತು. ಅಜ್ಜಿ ಕಲಿಸಿದಂತೆ ಬಾಗಿಲು ಪೂರ್ವಕ್ಕಿರಬೇಕು. ಆದರೆ ಆ ಊರಿನಲ್ಲಿ ಜನ ಸಂಜೆ ಕೂರುವುದು ಮನೆಯ ಹಿಂದಿನ ಬಲೆ ಹಾಕಿದ ಪಡಸಾಲೆಯಲ್ಲಿ. ಅದು ಪಶ್ಚಿಮಕ್ಕಿದ್ದರೆ ಇಳಿಬಿಸಿಲು ಹುರಿದುಹಾಕುತ್ತದೆ. ಆದ್ದರಿಂದ ಬೆನ್ನು ಪೂರ್ವಕ್ಕೆ, ಬಾಗಿಲು ಪಶ್ಚಿಮಕ್ಕೆ ಇರುವ ಮನೆಗೇ ಗಿರಾಕಿ ಹೆಚ್ಚು. “ಹಿಂಬಾಗಿಲನ್ನೇ ಮುಂಬಾಗಿಲು ಅಂತ ತಿಳ್ಕೊಂಡರಾಯ್ತು” ಎಂದು ಅತ್ತಿಗೆ ತೀರ್ಪು ಕೊಟ್ಟರು.

ಅತ್ತಿಗೆಗೆ ನೋಟುಬುಕ್ಕಿರಲಿಲ್ಲ. ಆ ಊರಿನಲ್ಲಿ ಟಪಾಲು ಮನೆಬಾಗಿಲಿಗೆ ಬರುವುದು ಅಪರೂಪ. ಕೇರಿಗೊಂದು ಕಡೆ ಬೀಗದ ಗೂಡುಗಳ ಸಾಲಿರುತ್ತದೆ, ಹೆಚ್ಚಾಗಿ ಈಜುಕೊಳದ ಪಕ್ಕದಲ್ಲಿ. ಎಲ್ಲರೂ ಅಲ್ಲಿಗೆ ಹೋಗಿ ತಮ್ಮ ತಮ್ಮ ಕಾಗದ ತರಬೇಕು. ಅಣ್ಣ ಮನೆಯೊಳಗೆ ಗೋಡೆ ತಟ್ಟಿ ನೋಡುತ್ತಿರುವಾಗ ಅತ್ತಿಗೆ ಅಲ್ಲಿಗೆ ಹೋಗಿ ಕುಳಿತುಬಿಡುತ್ತಿದ್ದರು. ಯಾರು ನಡೆದು ಬರುತ್ತಾರೆ, ಯಾರು ಗಾಡಿಯಿಂದಿಳಿಯದೆ ಹೋಗುತ್ತಾರೆ, ಸೀರೆಯುಟ್ಟ ಹೊಸಬಳನ್ನು ನೋಡಿ ಯಾರು ನಗುತ್ತಾರೆ, ಯಾರ ನಗು ಕಣ್ಣಿಗೆ ಮುಟ್ಟುವುದಿಲ್ಲ, ಇವು ಅವರ ಅಂಕಗಳು. ಊರಿನಲ್ಲಿ ಬಹುಪಾಲು ಬಿಳಿಯರು. ಚುನಾವಣೆ ಬಂದರೆ ಬಾವುಟ ಕಟ್ಟಿದ ಗಾಲ್ಫ್ ಬಂಡಿಗಳ ಮೆರವಣಿಗೆ ಹೊರಡುತ್ತದೆ. ಅಂಥ ಕಡೆ ಯಾವ ಬೀದಿಯಲ್ಲಿ ನಮ್ಮನ್ನು ಸಲೀಸಾಗಿ ಸೇರಿಸಿಕೊಂಡಾರು ಎಂಬ ಪ್ರಶ್ನೆಯನ್ನು ಮನೆ ಮಾರುವವರು ಕೇಳಿಸಿಕೊಳ್ಳುವುದೂ ಇಲ್ಲ, ಅವರು ಉತ್ತರ ಹೇಳುವುದಕ್ಕೆ ಅಲ್ಲಿನ ಕಾನೂನು ಬಿಡುವುದೂ ಇಲ್ಲ. ತಾವೇ ಕೂತು ನೋಡಬೇಕು.

ಎರಡನೆಯ ವಾರ ದಕ್ಷಿಣದ ಹೊಸ ಭಾಗದಲ್ಲಿ ಒಂದು ಮನೆಯನ್ನು ನೋಡಿದೆವು. ಅಣ್ಣನ ಅಂಕಪಟ್ಟಿಯಲ್ಲಿ ಅದು ಮೊದಲನೆಯ ದರ್ಜೆ. ಹಿಂದೆ ಕೊಳ, ಕೊಳದಾಚೆ ಗಾಲ್ಫ್ ಮೈದಾನ, ಅಡಿಗೆಮನೆಯಲ್ಲಿ ಕನ್ನಡಿಯಂಥ ಕಲ್ಲು. ಮನೆ ತೋರಿಸಲು ಬಂದ ಹೆಂಗಸು ಒಳ್ಳೆಯ ಮಾತುಗಾತಿ. ಅತ್ತಿಗೆ ಎಲ್ಲವನ್ನೂ ಕೇಳಿ ಕೊನೆಗೆ ಇಂಗ್ಲಿಷಿನಲ್ಲಿ, “ಈ ಬೀದಿಯಲ್ಲಿ ಒಬ್ಬೊಬ್ಬರೇ ಇರುವ ಹೆಂಗಸರು ಎಷ್ಟು ಮಂದಿ?” ಎಂದರು. ಆಕೆ, “ಇಲ್ಲಿ ಎಲ್ಲರೂ ಚಟುವಟಿಕೆಯ ದಂಪತಿಗಳು” ಎಂದು ಸಂತೋಷವಾಗಿ ಹೇಳಿದಳು. ಅತ್ತಿಗೆ ತಲೆದೂಗಿ ಹೊರಗೆ ಬಂದರು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಅಣ್ಣ, “ಅದೇನು ಅಪಶಕುನದ ಪ್ರಶ್ನೆ ಕೇಳಿದೆ?” ಎಂದು ರೇಗಿದ. ಅತ್ತಿಗೆ ಅಕ್ಕಿ ಆರಿಸುವಷ್ಟು ನೆಮ್ಮದಿಯಾಗಿ ಹೇಳಿದರು: “ನಿಮಗೆ ಎಪ್ಪತ್ತಾರು, ನನಗೆ ಎಪ್ಪತ್ತೊಂದು. ಇಬ್ಬರೂ ಇರೋವರೆಗೆ ಯಾವ ಕೇರಿಯಾದರೇನು ರೀ? ಜಗಳ ಆಡ್ಕೊಂಡು ಎಲ್ಲಾದರೂ ಇರ್ತೀವಿ. ಮನೆ ನೋಡಬೇಕಾದ್ದು ಆಮೇಲಿನದಕ್ಕೆ. ಉಳಿಯೋದು ನೀವೋ ನಾನೋ, ಉಳಿದೋರಿಗೆ ಬೆಳಿಗ್ಗೆ ಎದ್ದರೆ ಯಾರಾದರೂ ಕಾಣಬೇಕು.” ಅಣ್ಣ ಎದ್ದು ಹೋಗಿ ಟೆಲಿವಿಷನ್ ಹಾಕಿದ. ಅವನು ಆ ಹೊತ್ತು ಏನು ನೋಡಿದನೋ ನಾನರಿಯೆ, ಧ್ವನಿಯನ್ನಂತೂ ಹಾಕಿರಲಿಲ್ಲ.

ಮಾರನೆಯ ದಿನ ಅವನ ನೋಟುಬುಕ್ಕನ್ನು ತಿರುವಿ ಹಾಕುತ್ತಿದ್ದಾಗ ಕೊನೆಯ ಕಾಲಂ ಒಂದು ನನ್ನ ಕಣ್ಣಿಗೆ ಬಿತ್ತು. ಮೇಲೆ ಕನ್ನಡದಲ್ಲಿ ‘ಪೆಟ್ಟಿಗೆ’ ಎಂದು ಬರೆದು, ಕೆಳಗೆ ಕೆಲವು ಮನೆಗಳ ಮುಂದೆ ಟಿಕ್ಕು, ಕೆಲವಕ್ಕೆ ಇಲ್ಲ. ಇದೇನೆಂದು ಕೇಳಿದಾಗ ಮೊದಲು ಹಾರಿಸಿದ, ಆಮೇಲೆ ಹೇಳಿದ. ಅಲ್ಲಿನ ಅನೇಕ ಬೀದಿಗಳ ನಿವಾಸಿಗಳು ತಾವೇ ಚಂದಾ ಎತ್ತಿ, ನಿಂತ ಹೃದಯಕ್ಕೆ ವಿದ್ಯುತ್ತಿನ ಪೆಟ್ಟು ಕೊಟ್ಟು ಮತ್ತೆ ಬಡಿಯುವಂತೆ ಮಾಡುವ ಯಂತ್ರವನ್ನು ಒಂದು ಪೆಟ್ಟಿಗೆಯಲ್ಲಿ ಇಡಿಸಿರುತ್ತಾರೆ. ಅದನ್ನು ಉಪಯೋಗಿಸಲು ನೆರೆಹೊರೆಯವರೇ ತರಬೇತಿ ಪಡೆದಿರುತ್ತಾರೆ. ತುರ್ತು ಕರೆ ಹೋದರೆ ಆಂಬುಲೆನ್ಸಿಗಿಂತ ಮುಂಚೆ ಪಕ್ಕದ ಮನೆಯವರು ಓಡಿಬರಬಹುದು. ಎಲ್ಲ ಬೀದಿಗಳಲ್ಲಿಯೂ ಇದಿಲ್ಲ. ಅಣ್ಣ ಮೊದಲನೆಯ ದಿನದಿಂದ ಯಾರಿಗೂ ಹೇಳದೆ ಪೆಟ್ಟಿಗೆಗಳನ್ನು ಎಣಿಸುತ್ತಿದ್ದ. “ಅವಳಿಗೆ ಹೇಳಬೇಡ” ಎಂದ. ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲವೆಂದು ನನ್ನ ಗುಮಾನಿ. ಕುಳಿತ ಜಾಗದಿಂದ ಅತ್ತಿಗೆ ಕಾಣದ ವಸ್ತು ಕಡಿಮೆ.

ಇನ್ನು ಬಂಡಿಯ ವಿಚಾರ. ಒಹಾಯೊದಲ್ಲಿದ್ದ ಅಷ್ಟು ವರ್ಷವೂ ಕಾರು ಅಣ್ಣನ ಕೈಯಲ್ಲೇ ಇತ್ತು. ಅತ್ತಿಗೆ ಲೈಸೆನ್ಸು ಪಡೆದಿದ್ದರು, ಆದರೆ ಹೆದ್ದಾರಿಯನ್ನು ಕಂಡರೆ ಅವರಿಗೆ ಎದೆ ನಡುಗುತ್ತದೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ರಾತ್ರಿ ಓಡಿಸಲಾರರು. ಫ್ಲಾರಿಡದಲ್ಲಿ ಎಂಬತ್ತು ವರ್ಷವಾದವರು ಲೈಸೆನ್ಸನ್ನು ಮತ್ತೆ ಮಾಡಿಸುವಾಗ ದೃಷ್ಟಿಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕು. ಆದರೆ ಗಾಲ್ಫ್ ಬಂಡಿಯನ್ನು ನಡೆಸಲು ವಯಸ್ಕರಿಗೆ ಆ ಲೈಸೆನ್ಸು ಬೇಕಿಲ್ಲ. 2023ರ ಕಾನೂನಿನ ಪ್ರಕಾರ ಸರ್ಕಾರ ಕೊಟ್ಟ ಭಾವಚಿತ್ರದ ಗುರುತುಚೀಟಿ ಇದ್ದರೆ ಸಾಕು. ಗಂಟೆಗೆ ಇಪ್ಪತ್ತು ಮೈಲಿಗಿಂತ ಜೋರಾಗಿ ಹೋಗದ ಈ ಬಂಡಿಗಳಿಗಾಗಿಯೇ ಊರಿನುದ್ದಕ್ಕೂ ಹಾದಿಗಳಿವೆ, ಸುರಂಗಗಳಿವೆ, ಹೆದ್ದಾರಿಯ ಮೇಲೆ ಸೇತುವೆಯೇ ಇದೆ. ಕಾರನ್ನು ಬಿಟ್ಟುಕೊಟ್ಟ ಮೇಲೂ ಒಬ್ಬ ಮುದುಕಿ ತಾನೇ ಹೋಗಿ ಹಾಲು, ಔಷಧಿ ತಂದುಕೊಳ್ಳಬಹುದು. ಹಾಗಾದರೆ ಕೇರಿ ಆರಿಸುವುದು ಸುಲಭವಾಯಿತು ನೋಡಿ: ದಿನಸಿ ಅಂಗಡಿ, ಔಷಧಿ ಅಂಗಡಿ, ಒಬ್ಬ ವೈದ್ಯ, ಈ ಮೂರೂ ಬಂಡಿಯ ಹಾದಿಯಲ್ಲಿ ಹತ್ತು ಹದಿನೈದು ನಿಮಿಷದೊಳಗೆ ಇರುವ ಕೇರಿ. ದಕ್ಷಿಣದ ತುದಿಯಿಂದ ಉತ್ತರದ ಆಸ್ಪತ್ರೆಗೆ ಬಂಡಿಯಲ್ಲಿ ಒಂದು ಗಂಟೆಗೂ ಮಿಕ್ಕ ಪಯಣ.

ಅತ್ತಿಗೆ ಬಾಡಿಗೆಯ ಬಂಡಿಯನ್ನು ಎರಡು ದಿನದಲ್ಲಿ ಕಲಿತರು. ಮೂರನೆಯ ದಿನ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನನ್ನು ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಕೂರಿಸಿ, ಸರೋವರದ ದಡದವರೆಗೆ ಹೋಗಿಬಂದರು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದರು. ಎದುರಿಗೆ ಬಂದವರು ಕೈಯೆತ್ತಿದರೆ ತಾವೂ ಕೈಯೆತ್ತುತ್ತಿದ್ದರು. ನಲವತ್ತೆಂಟು ವರ್ಷಗಳಲ್ಲಿ ಅಣ್ಣ ಹೆಂಡತಿಯ ಪಕ್ಕದಲ್ಲಿ ಹೀಗೆ ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ಬ್ರೇಕು ಹಾಕಬೇಕಾದಲ್ಲೆಲ್ಲ ಅವನ ಬಲಗಾಲು ತಾನೇ ನೆಲವನ್ನು ಒತ್ತುತ್ತಿತ್ತೆಂದು ಅವನೇ ಆಮೇಲೆ ಹೇಳಿದ.

ನಡುವೆ ಒಂದು ದಿನ ಟವಾರೆಸ್ ಎಂಬ ಊರಿಗೂ ಹೋಗಿಬಂದೆವು. ಅಲ್ಲಿ ಭಾರತದಿಂದ ಹೋದ ಹಿರಿಯರಿಗೆಂದೇ ಕಟ್ಟಿದ ‘ಶಾಂತಿನಿಕೇತನ’ ಇದೆ. ನಮ್ಮ ಊಟ, ನಮ್ಮ ಭಜನೆ, ನಮ್ಮ ಮಾತು. ನನಗೆ ಬಹಳ ಹಿಡಿಸಿತು. ಅಣ್ಣ ಗಾಲ್ಫ್ ಬಿಡಲಾರೆನೆಂದ. ಅತ್ತಿಗೆ ಬಹಳ ಹೊತ್ತು ಯೋಚಿಸಿ, “ಮಕ್ಕಳು ನಮ್ಮನ್ನ ನೋಡೋಕೆ ಬಂದಾಗ ಅವರಿಗೂ ಏನಾದರೂ ಆಟ ಬೇಕು” ಎಂದರು. ಮೊಮ್ಮಕ್ಕಳ ವಿಷಯದಲ್ಲಿ ‘ಹಳ್ಳಿಗಳ’ ನಿಯಮ ಕಟ್ಟುನಿಟ್ಟು: ಹತ್ತೊಂಬತ್ತು ತುಂಬದವರು ಅಲ್ಲಿ ವಾಸಿಸುವಂತಿಲ್ಲ, ವರ್ಷಕ್ಕೆ ಮೂವತ್ತು ದಿನ ಅತಿಥಿಗಳಾಗಿ ಇರಬಹುದು. ನನಗೆ ಇದು ಕ್ರೂರವೆನಿಸಿತು. “ಹೋದ ವರ್ಷ ಒಂಬತ್ತು ದಿನ ಬಂದಿದ್ದರಪ್ಪ” ಎಂದು ಅತ್ತಿಗೆ ಲೆಕ್ಕ ಹೇಳಿದರು.

ಕೊನೆಗೆ ಕೊಂಡ ಮನೆ ಅಂಕಪಟ್ಟಿಯಲ್ಲಿ ಹನ್ನೊಂದನೆಯದು. ಊರಿನ ನಡುಭಾಗ, ಸರೋವರದ ಚೌಕಕ್ಕೆ ಬಂಡಿಯಲ್ಲಿ ಎಂಟು ನಿಮಿಷ. ‘ಪ್ಯಾಟಿಯೊ ವಿಲ್ಲಾ’ ಎಂದು ಕರೆಯುವ ಚಿಕ್ಕ ಮನೆಗಳ ಸಾಲು. ಇದಕ್ಕಿಂತ ದೊಡ್ಡದಾದ, ಪಕ್ಕದಲ್ಲಿ ಎತ್ತರದ ಗೋಡೆಯೆಬ್ಬಿಸಿ ಅಂಗಳ ಮಾಡಿದ ಮನೆಗಳೂ ಅದೇ ಬೆಲೆಗೆ ದೊರೆಯುತ್ತಿದ್ದವು. ಗೋಡೆ ಇದ್ದರೆ ಯಾರಿಗೂ ಯಾರೂ ಕಾಣುವುದಿಲ್ಲವೆಂದು ಅತ್ತಿಗೆ ಅವನ್ನು ತಳ್ಳಿಹಾಕಿದರು. ಅಡಿಗೆಮನೆ ಹಳೆಯದು, ಗಾಲ್ಫ್ ಮೈದಾನ ಕಣ್ಣಿಗೆ ಬೀಳುವುದಿಲ್ಲ, ಹಿಂದಿನ ಪಡಸಾಲೆ ಪಶ್ಚಿಮಕ್ಕಿದೆ. ಅಜ್ಜಿ ಗೆದ್ದಳು, ಬಿಸಿಲೂ ಗೆದ್ದಿತು. ಬಾಂಡು ತೀರಿದೆ. ಬೀದಿಯ ಮೂಲೆಯಲ್ಲಿ ಪೆಟ್ಟಿಗೆಯಿದೆ. ಎದುರಿನ ನಾಲ್ಕು ಮನೆಗಳಲ್ಲಿ ಮೂರರಲ್ಲಿ ಒಬ್ಬೊಬ್ಬರೇ ಹೆಂಗಸರು. ಅವರಲ್ಲಿ ಎಂಬತ್ತಾರರ ಒಬ್ಬಾಕೆ, ನಾವು ಮನೆ ನೋಡಲು ಹೋದ ದಿನವೇ ತಡೆಗಂಬಿ ಹಿಡಿದು ರಸ್ತೆ ದಾಟಿ ಬಂದು, ಈ ಮನೆಯ ಹಿಂದಿನ ಯಜಮಾನಿ ಹೇಗೆ ಸತ್ತಳು, ಯಾರು ಮೊದಲು ಕಂಡರು, ಬೆಕ್ಕು ಈಗ ಯಾರ ಹತ್ತಿರವಿದೆ ಎಂಬುದನ್ನೆಲ್ಲ ತಿಳಿಸಿದರು. ಮನೆ ತೋರಿಸುವವನು ಬೆವರುತ್ತಿದ್ದ. ಅತ್ತಿಗೆಯ ಮುಖ ನೋಡಿದಾಗಲೇ ವ್ಯಾಪಾರ ಮುಗಿಯಿತೆಂದು ನನಗೆ ಗೊತ್ತಾಯಿತು.

ನಾನು ಮೈಸೂರಿಗೆ ಹಿಂದಿರುಗಿದ ಮೇಲೆ ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಆ ಬೀದಿಯ ಹೆಂಗಸರಲ್ಲಿ ಒಂದು ಕಟ್ಟಳೆಯಿದೆಯಂತೆ. ಬೆಳಿಗ್ಗೆ ಎಂಟರೊಳಗೆ ಅಡಿಗೆಮನೆಯ ಕಿಟಕಿಯ ಪರದೆಯನ್ನು ಮೇಲೆತ್ತಬೇಕು. ಎತ್ತದಿದ್ದರೆ ಎದುರುಮನೆಯವರು ಫೋನು ಮಾಡುತ್ತಾರೆ. ಫೋನಿಗೆ ಉತ್ತರವಿಲ್ಲದಿದ್ದರೆ ಇನ್ನೊಂದು ಬೀಗದಕೈ ತೆಗೆದುಕೊಂಡು ಬರುತ್ತಾರೆ. 2025ರ ಜನವರಿ ಹತ್ತರಂದು ವೈಕುಂಠ ಏಕಾದಶಿ. ಅಣ್ಣ ಅತ್ತಿಗೆಯರು ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಆರ್ಲೆಂಡೊ ಕಡೆಯ ದೇವಸ್ಥಾನಕ್ಕೆ ಹೋದರು. ಅಲ್ಲಿ ಫೋನುಗಳನ್ನು ಮುಚ್ಚಿಟ್ಟಿದ್ದರು. ಹತ್ತೂವರೆಗೆ ಹಿಂದಿರುಗಿ ನೋಡಿದರೆ ಬಾಗಿಲು ಹಾರುಹೊಡೆದಿದೆ. ಹಜಾರದಲ್ಲಿ ಮೂವರು ಹೆಂಗಸರು ಕುಳಿತಿದ್ದಾರೆ. ಒಬ್ಬಾಕೆಯ ತೊಡೆಯ ಮೇಲೆ ಮೂಲೆಯ ಪೆಟ್ಟಿಗೆಯ ಯಂತ್ರ. ಎಂಬತ್ತಾರರ ಮುದುಕಿ ಅಣ್ಣನನ್ನು ಚಿಕ್ಕ ಹುಡುಗನನ್ನು ಗದರಿಸುವಂತೆ ಗದರಿಸಿದರಂತೆ. ಅವನು ತುಟಿಪಿಟಕ್ಕೆನ್ನದೆ ನಿಂತಿದ್ದನಂತೆ. ಅತ್ತಿಗೆ ಎಲ್ಲರಿಗೂ ಪ್ರಸಾದ ಹಂಚಿದರು.

ಈಗ ಆ ಮನೆಯಲ್ಲಿ ಬೆಳಗಿನ ಪರದೆ ಎತ್ತುವ ಕೆಲಸ ಅಣ್ಣನದು. ಆರೂವರೆಗೇ ಎತ್ತಿಬಿಡುತ್ತಾನಂತೆ. ಆಮೇಲೆ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತು, ಎದುರಿನ ಮೂರು ಪರದೆಗಳೂ ಮೇಲೇರುವ ತನಕ ಪೇಪರು ಓದುವುದಿಲ್ಲವೆಂದು ಅತ್ತಿಗೆ ಹೇಳಿದರು.